ಬಯಲಿನ ಬಗ್ಗೆ ಸಾರ್ವಜನಿಕರ ಅಭಿಪ್ರಾಯ

ಗಡ್ಡಕ್ಕೆ ಹಚ್ಚಿಕೊಂಡ ನೊರೆ ಒಣಗುವವರೆಗೂ ಅವನು ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದ. ಹೇಳಬೇಕಾದದ್ದು ಇಷ್ಟೇ ಇಷ್ಟು ಮಾತು: ಅಕ್ಕಾ, ಬಯಲು ಹೋಯಿತು, ಇವತ್ತಿನ ಸಭೆ ಬರೀ ನೆಪ. ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಹೊರಗೆ ಕೇಳಿಸದ ಹಾಗೆ ಹೇಳಿ ನೋಡಿದ. ಕನ್ನಡಿಯೊಳಗಿನ ನೊರೆಗಡ್ಡದ ಮನುಷ್ಯ ಬಾಯಿ ತೆರೆದ. "ಅಕ್ಕಾ, ಬಯಲಿನ ವಿಷಯದಲ್ಲಿ ಇನ್ನೂ ಕೆಲವು ಹಂತಗಳಿವೆ," ಎಂದ. ಅವನಿಗೆ ತನ್ನ ಬಾಯಿಯ ಮೇಲೆಯೇ ಅಸಹ್ಯವಾಯಿತು. ಹೇಳಹೊರಟದ್ದು ಒಂದು, ಹೊರಗೆ ಬಿದ್ದದ್ದು ಇನ್ನೊಂದು, ಅದೂ ಇಸ್ತ್ರಿ ಮಾಡಿಸಿಕೊಂಡು ಬಂದ ಹಾಗೆ. ಮತ್ತೆ ಪ್ರಯತ್ನಿಸಿದ. "ಅಕ್ಕಾ, ನಿನ್ನ ಕಾಳಜಿ ನನಗೆ ಅರ್ಥವಾಗುತ್ತೆ." ಅಷ್ಟರಲ್ಲಿ ಬಾಗಿಲು ತಟ್ಟಿದ ಹೆಂಡತಿ, ಒಳಗೆ ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಕೇಳಿದಳು. ಯಾರ ಜೊತೆಯೂ ಇಲ್ಲ ಎಂದ. ಆ ಬೆಳಿಗ್ಗೆ ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ಸರ್ಕಾರಿ ಜಾಗದಲ್ಲಿ ಏನು ಮಾಡಬೇಕೆಂದು ಸರ್ಕಾರ ಯೋಚಿಸುವಾಗ ಅಕ್ಕಪಕ್ಕದ ಜನರನ್ನು ಕೂರಿಸಿ ಕೇಳಬೇಕು ಎಂದೊಂದು ನಿಯಮವಿದೆ. ಕೇಳುವ ಕೆಲಸ ಅವನದು. ಯೋಜನಾ ಇಲಾಖೆಯಲ್ಲಿ ನಕ್ಷೆ ಬರೆಯುವವರಿದ್ದಾರೆ, ಅಳೆಯುವವರಿದ್ದಾರೆ, ಲೆಕ್ಕ ಕೂಡಿಸುವವರಿದ್ದಾರೆ. ಕೇಳುವುದಕ್ಕೆ ಮಾತ್ರ ಅವನೊಬ್ಬನೇ. ಎಲ್ಲಿ ಜನ ಕೆರಳಿದ್ದಾರೋ ಅಲ್ಲಿಗೆ ಅವನನ್ನು ಕಳಿಸುತ್ತಾರೆ. ಕಚೇರಿಯಲ್ಲಿ ಅವನಿಗೆ ಬೆಣ್ಣೆ ಎಂದು ಅಡ್ಡಹೆಸರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಚೆಗೆ ಎದುರಿಗೇ ಅನ್ನುತ್ತಾರೆ, ಅವನೂ ಓಗೊಡುತ್ತಾನೆ. ಅವನ ವಿದ್ಯೆ ದೊಡ್ಡದೇನಲ್ಲ. ಯಾರಾದರೂ ಎದ್ದು ಕೂಗಾಡಿದರೆ ತಲೆ ಸ್ವಲ್ಪ ವಾಲಿಸಿ, ಕಣ್ಣು ತೆಗೆಯದೆ, ಪೂರ್ತಿ ಮುಗಿಯುವವರೆಗೆ ಕೇಳುತ್ತಾನೆ. ಆಮೇಲೆ, "ಅಂದ್ರೆ ನೀವು ಹೇಳ್ತಿರೋದು..." ಎಂದು ಶುರುಮಾಡಿ ಅವರ ಮಾತನ್ನೇ ತಿರುಗಿ ಹೇಳುತ್ತಾನೆ. ತಿರುಗಿ ಹೇಳುವಾಗ ಒಂದಿಷ್ಟು, ಒಂದೇ ಒಂದಿಷ್ಟು ಬದಲಾಯಿಸುತ್ತಾನೆ. ಕೊನೆಗೆ "ಅಲ್ವಾ?" ಎನ್ನುತ್ತಾನೆ. ಅಷ್ಟು ಹೊತ್ತು ಕೂಗಿದವರು ತಣ್ಣಗೆ ತಲೆಯಾಡಿಸಿಬಿಡುತ್ತಾರೆ. ಪಾಪ, ಅವರ ಮಾತನ್ನು ಯಾರಾದರೂ ಮತ್ತೊಮ್ಮೆ ಬಾಯಿಬಿಟ್ಟು ಹೇಳಿದ್ದೇ ಅವರ ಜನ್ಮದಲ್ಲಿ ಮೊದಲು. ಒಮ್ಮೆ ಒಬ್ಬ ಮುದುಕಿ, ನಮ್ಮ ಕೆರೆ ಮುಚ್ಚಿದರೆ ನಿಮ್ಮ ವಂಶ ನೀರಿಲ್ಲದೆ ಒಣಗಿ ಹೋಗಲಿ ಎಂದು ಮಣ್ಣು ತೂರಿ ಶಪಿಸಿದ್ದಳು. ಅವನು ಅದನ್ನು ಚೀಟಿಯ ಮೇಲೆ 'ಜಲಮೂಲಗಳ ಬಗ್ಗೆ ಸ್ಥಳೀಯರಲ್ಲಿ ಆಳವಾದ ಭಾವನೆ' ಎಂದು ಬರೆದು, ಜೋರಾಗಿ ಓದಿ ಹೇಳಿ, ಹಲಗೆಗೆ ಅಂಟಿಸಿದ. ಮುದುಕಿ ಹೋಗುವಾಗ ನೂರು ವರ್ಷ ಬಾಳಪ್ಪ ಎಂದು ಅವನ ತಲೆ ಸವರಿದಳು. ಕೆರೆ ಈಗ ಬಸ್ಸು ನಿಲ್ಲುವ ಜಾಗ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಸಾಹೇಬರು ಅವತ್ತು ಬೆನ್ನು ತಟ್ಟಿದ್ದರು. ಅವನೂ ಹಾಗೇ ಅಂದುಕೊಂಡಿದ್ದ. ಯಾರಿಗೂ ನೋವಾಗದ ಹಾಗೆ ಕೆಲಸ ಮಾಡುವ ಮನುಷ್ಯ ತಾನು ಎಂದು ಎಷ್ಟೋ ವರ್ಷ ನಂಬಿಕೊಂಡು ನಿದ್ದೆ ಮಾಡಿದ್ದ.

"ಅಕ್ಕನಿಗೆ ಹೇಳಿದ್ರಾ?" ಹೆಂಡತಿ ಬ್ರೆಡ್ಡಿನ ತಟ್ಟೆ ಮುಂದಿಟ್ಟು ಕೇಳಿದಳು.

"ಅಂದ್ರೆ ನಿನಗೆ ಅವಳ ಬಗ್ಗೆ ಚಿಂತೆ ಆಗಿದೆ, ಅಲ್ವಾ?"

"ನಾನು ನಿಮ್ಮ ಸಭೆಗೆ ಬಂದಿಲ್ಲ ಕಣ್ರೀ. ಇದು ಮನೆ, ನಾನು ನಿಮ್ಮ ಹೆಂಡ್ತಿ. ಹೇಳಿದ್ರಾ, ಇಲ್ವಾ?"

"ಇವತ್ತು ಹೇಳ್ತೀನಿ."

"ಸಭೆಗೆ ಮುಂಚೆನಾ, ಆಮೇಲಾ?"

ಅವನು ಬ್ರೆಡ್ಡು ಮುರಿದ. ಅವಳು ಎದುರಿಗೆ ಕುಳಿತು ಅವನ ಕೈಯನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಎಷ್ಟು ಜಗಳವಾಡುತ್ತಿದ್ದಳು. ಪಾತ್ರೆಗಳು ಹಾರಾಡುತ್ತಿದ್ದವು. ಯಾವಾಗ ನಿಂತಿತೋ ಗೊತ್ತಿಲ್ಲ. ಅವಳು ಸಿಟ್ಟಾದಾಗಲೆಲ್ಲ ಅವನು ತಲೆ ವಾಲಿಸಿ ಕೇಳಿ, ಅವಳ ಸಿಟ್ಟನ್ನು ಅವಳಿಗೇ ನಯಮಾಡಿ ಹಿಂತಿರುಗಿಸುತ್ತಿದ್ದ. ಒಂದು ದಿನ ಅವಳು, ಗೋಡೆಗೆ ತಲೆ ಚಚ್ಚಿಕೊಂಡರೆ ರಕ್ತವಾದರೂ ಬರುತ್ತದೆ ಎಂದು ಹೇಳಿ ಎದ್ದುಹೋದಳು. ಆಮೇಲೆ ಮನೆಯಲ್ಲಿ ಒಂದು ದೊಡ್ಡ ಶಾಂತಿ. ನೆಂಟರು ಬಂದವರೆಲ್ಲ ಎಷ್ಟು ಹೊಂದಿಕೊಂಡಿದ್ದೀರಿ ಎಂದು ಹೊಗಳುತ್ತಾರೆ. ಈಗ ಅವಳು ತಟ್ಟೆ ಎತ್ತುತ್ತ, ಅವನ ಮುಖ ನೋಡದೆ ಹೇಳಿದಳು: "ಹೊಸ ಕ್ವಾರ್ಟರ್ಸ್ ಸಿಗುತ್ತೆ ಅಂತ ನಾನೇನೂ ಕುಣೀತಾ ಇಲ್ಲ. ಹಾಗಂತ ಬೇಡ ಅನ್ನೋಷ್ಟು ದೊಡ್ಡ ಮನಸ್ಸೂ ನನಗಿಲ್ಲ. ಆದರೆ ಅವರಿಗೆ ಹೇಳಿಬಿಡಿ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ."

ಕ್ವಾರ್ಟರ್ಸು. ಬಯಲಿನಲ್ಲಿ ಏಳಲಿರುವುದು ಅದೇ, ಅಧಿಕಾರಿಗಳ ವಸತಿಗೃಹ. ಹೋದ ವಾರ ಸಾಹೇಬರು ಅವನನ್ನು ಕೋಣೆಗೆ ಕರೆದು ಕೂರಿಸಿ, ಚಹಾ ತರಿಸಿ, ಮೇಜಿನ ಮೇಲೆ ನಕ್ಷೆ ಹರಡಿದ್ದರು. ಗಾಜಿನ ಗುಂಡೊಂದನ್ನು ಅದರ ಮೂಲೆಗಿಟ್ಟು, "ಗುತ್ತಿಗೆ ಆಗಿಹೋಗಿದೆ ಕಣ್ರೀ. ಬರೋ ತಿಂಗಳು ತಗಡಿನ ಬೇಲಿ ಹಾಕ್ತಾರೆ. ನಿಮ್ಮದೊಂದು ಸಭೆ ಬಾಕಿ ಉಳಿದಿದೆ, ಅದನ್ನ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಿಬಿಡಿ," ಎಂದರು. ನಕ್ಷೆಯಲ್ಲಿ ಬಯಲು ಇರಲಿಲ್ಲ. ಒಂದರ ಪಕ್ಕ ಒಂದು ಕಟ್ಟಡ, ನಡುವೆ ಹಸಿರು ಬಣ್ಣ ಬಳಿದ ಗುಂಡು ಗುಂಡಗಿನ ಮರಗಳು, ಮರದ ಕೆಳಗೆ ಕೊಡೆ ಹಿಡಿದು ನಡೆಯುವ ಒಬ್ಬ ಹೆಂಗಸು. ಅಕ್ಕನ ಬೀದಿ ನಕ್ಷೆಯ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. "ನಿಮ್ಮ ಅಕ್ಕ ಅಲ್ಲೇ ಇರೋದಲ್ವಾ? ಒಳ್ಳೇದೇ ಆಯ್ತು," ಎಂದರು ಸಾಹೇಬರು. "ಮನೆಯವನೇ ನಿಂತು ಕೇಳಿದರೆ ಜನಕ್ಕೆ ನಂಬಿಕೆ ಬರುತ್ತೆ. ನಿಮಗೂ ಒಂದು ಮನೆ ಸಿಗುತ್ತೆ ನೋಡಿ. ಕಿಟಕಿ ತೆಗೆದರೆ ಅಕ್ಕ!" ಎಂದು ನಕ್ಕರು. ಅವನೂ ನಕ್ಕಿದ್ದ. ನಗಬೇಕಾದ್ದೇನೂ ಇರಲಿಲ್ಲ. ಸಾಹೇಬರು ನಕ್ಕಾಗ ನಗುವುದು ಅಭ್ಯಾಸವಾಗಿ ಹೋಗಿದ್ದರಿಂದ ನಕ್ಕ. ಒಂದು ವಾರದಿಂದ ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಗುತ್ತಿಗೆಯಲ್ಲ, ನಕ್ಷೆಯೂ ಅಲ್ಲ, ಆ ನಗು. ಚಹಾ ಕುಡಿದು ಮುಗಿಸಿ, ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದ ಹಾಗೆ ಇಟ್ಟು, ಆಗಲಿ ಸಾರ್ ಎಂದು ಎದ್ದು ಬಂದದ್ದೂ ಕೂಡ.

ಬಯಲು ಅಂದರೆ ಏನಿದೆ ಅಲ್ಲಿ? ಹಿಂದೆ ಯಾವುದೋ ಕಾಲದಲ್ಲಿ ಸೈನ್ಯದ ಕುದುರೆ ಕಟ್ಟುತ್ತಿದ್ದರಂತೆ. ಅವನಿಗೆ ಬುದ್ಧಿ ಬಂದಾಗಿನಿಂದ ಅಲ್ಲಿ ಹಗ್ಗಗಳು, ಹಗ್ಗದ ಮೇಲೆ ದೊಡ್ಡಾಸ್ಪತ್ರೆಯ ಬಿಳಿ ಹಾಸುಬಟ್ಟೆಗಳು. ಆ ಬೀದಿಯ ಹೆಂಗಸರೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವವರು. ಅವರ ಮನೆಗಳಲ್ಲಿ ಒಂದು ಕರವಸ್ತ್ರ ಒಣಹಾಕಲೂ ಜಾಗವಿಲ್ಲ. ಬೆಳಗಿನ ಬಂಡಿಯಲ್ಲಿ ಗಂಟು ಬರುತ್ತದೆ, ಸಂಜೆಯ ಬಂಡಿಗೆ ಒಣಗಿ ಮಡಿಸಿದ್ದು ಹೋಗಬೇಕು. ಒಂದು ದಿನ ತಪ್ಪಿದರೂ ಆಸ್ಪತ್ರೆಯವರು ಮುಖ ಗಂಟಿಕ್ಕುತ್ತಾರೆ. ಅಮ್ಮ ಸತ್ತ ಮೇಲೆ ಅಕ್ಕ ಅವನನ್ನು ಅದೇ ಹಗ್ಗಗಳ ನಡುವೆ ಕೂರಿಸಿಕೊಂಡು ಕೆಲಸ ಮಾಡಿದಳು. ಅವನು ಅಕ್ಷರ ಕಲಿತದ್ದು ಹಾಸುಬಟ್ಟೆಗಳ ಅಂಚಿನಲ್ಲಿ ಒತ್ತಿದ್ದ ಮುದ್ರೆಗಳಿಂದ. ಗಂಡಸರ ವಾರ್ಡು, ಹೆಂಗಸರ ವಾರ್ಡು, ಹೆರಿಗೆ, ಸುಟ್ಟಗಾಯ. ಗಾಳಿಗೆ ಬಟ್ಟೆ ಪಟಪಟಿಸುವಾಗ ಅವನು ಅಂಚು ಹಿಡಿದು ನಿಲ್ಲಿಸಿ ಓದುತ್ತಿದ್ದ, ಅಕ್ಕ ಅತ್ತ ಕಡೆಯಿಂದ, ಇವತ್ತು ಎಷ್ಟು ಹೆರಿಗೆ ಎಂದು ನಗುತ್ತ ಕೇಳುತ್ತಿದ್ದಳು. ಒದ್ದೆ ಬಟ್ಟೆಗಳ ಸಾಲಿನೊಳಗೆ ಬೇಸಿಗೆಯಲ್ಲೂ ತಂಪು. ಕಲೆ ಪೂರ್ತಿ ಹೋಗದೆ ಉಳಿದ ಬಟ್ಟೆಗಳೂ ಇರುತ್ತಿದ್ದವು. ಅವಕ್ಕೆ ಅವನು ಬೆನ್ನು ಹಾಕಿ ಕೂರುತ್ತಿದ್ದ. ಬೆನ್ನು ಹಾಕಿ ಕೂರುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮೊನ್ನೆ ಹೇಳಿಬಿಡಬೇಕೆಂದೇ ಹೋಗಿದ್ದ. ಸಭೆಗೆ ಶಾಲೆಯ ಹಜಾರ ಗೊತ್ತುಮಾಡುವ ನೆಪವಿತ್ತು. ಅಕ್ಕ ಬಾನಿಯ ಮುಂದೆ ಸೀರೆ ಮೇಲೆ ಕಟ್ಟಿ ನಿಂತಿದ್ದವಳು ಅವನನ್ನು ಕಂಡದ್ದೇ ಒದ್ದೆ ಹಾಸುಬಟ್ಟೆಯ ಒಂದು ತುದಿ ಅವನ ಕೈಗೆ ಕೊಟ್ಟಳು. "ಹಿಡಿ, ಹಿಂಡು. ಮಾತು ಆಮೇಲೆ." ಅವನು ಬೂಟು ನೆನೆಯದ ಹಾಗೆ ಕಾಲು ಅಗಲಿಸಿ ನಿಂತು ತಿರುಗಿಸಿದ. ಅವಳು ತಿರುಗಿಸುವ ಕಡೆಗೇ ತಾನೂ ತಿರುಗಿಸಿದ. ಬಟ್ಟೆ ಹುರಿಗೊಳ್ಳದೆ ಸುಮ್ಮನೆ ಗರಗರ ಸುತ್ತಿತು, ನೀರು ಒಂದು ತೊಟ್ಟೂ ಇಳಿಯಲಿಲ್ಲ. ಪಕ್ಕದ ಹೆಂಗಸರು ಬಿದ್ದು ಬಿದ್ದು ನಕ್ಕರು. "ಆಫೀಸರ್ ಆದ ಮೇಲೆ ಹಿಂಡೋದೂ ಮರೆತುಹೋಯ್ತಾ ನಿನಗೆ? ಎದುರಿಗೆ ಇರೋರ ವಿರುದ್ಧ ತಿರುಗಿಸಬೇಕು ಕಣೋ, ಆಗಲೇ ನೀರು ಇಳಿಯೋದು," ಎಂದು ಅಕ್ಕ ನಕ್ಕಳು. ಅವನು ನಾಚಿಕೊಂಡು ಕೈ ಬದಲಾಯಿಸಿದ. ಆ ಹೊತ್ತಿಗೆ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ, "ಬೀದಿಯೋರಿಗೆಲ್ಲ ಹೇಳಿದೀನಿ. ಯಾರೂ ತಪ್ಪಿಸಲ್ಲ. ಬೇರೆ ಯಾರಾದ್ರೂ ಸಭೆ ಕರೆದಿದ್ರೆ ಯಾರು ಬರ್ತಿದ್ರು, ಹೋಗತ್ಲಾಗೆ ಅಂತಿದ್ವಿ. ನೀನು ಅಂತ ಬರ್ತಾ ಇದೀವಿ," ಎಂದಳು. ಬಾಯಿಯಲ್ಲಿದ್ದದ್ದು ಬಿಸಿತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಳ್ಳೇದು, ಎಲ್ಲರೂ ಭಾಗವಹಿಸೋದು ಮುಖ್ಯ ಎಂದು ಹೇಳಿ, ಪ್ಯಾಂಟಿನ ಮೇಲೆ ಸಿಡಿದ ನೀರು ಒರೆಸಿಕೊಳ್ಳುತ್ತ ಬಂದ.

ಶಾಲೆಯ ಹಜಾರದಲ್ಲಿ ಚಿಕ್ಕ ಮಕ್ಕಳ ಬೆಂಚುಗಳು. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಎದ್ದು ಮಾತಾಡಬೇಕಾದರೆ ಮೊದಲು ಪಕ್ಕದವರ ಹೆಗಲು ಹಿಡಿಯಬೇಕು. ಅದನ್ನು ಬೇಕೆಂದೇ ಆರಿಸಿದ್ದೇನೋ ಎಂದು ಅವನಿಗೇ ಅನುಮಾನವಾಯಿತು. ಹಲಗೆಯ ಮೇಲೆ ಎಂದಿನಂತೆ ನಾಲ್ಕು ಕಂಬಸಾಲು ಎಳೆದು ತಲೆಬರಹ ಬರೆದ: ಹಸಿರು, ಸಂಚಾರ, ಸುರಕ್ಷತೆ, ಇತರೆ. ಚೀಟಿಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟ. ಜನ ತುಂಬುವಾಗ ಸೋಪಿನ ವಾಸನೆಯೂ ತುಂಬಿತು. ಬೀದಿಯ ಹೆಂಗಸರೆಲ್ಲ ಮದುವೆಮನೆಗೆ ಹೊರಟ ಹಾಗೆ ತಲೆ ಬಾಚಿ, ಗರಿಗರಿಯಾದ ಸೀರೆ ಉಟ್ಟು ಬಂದಿದ್ದರು. ಅಕ್ಕ ಎದುರಿನ ಸಾಲಿನಲ್ಲೇ ಕುಳಿತು, ಹಿಂದೆ ತಿರುಗಿ ಯಾರಿಗೋ, ನಮ್ಮ ತಮ್ಮ, ಎಂದು ಅವನತ್ತ ಗದ್ದ ಎತ್ತಿ ತೋರಿಸುತ್ತಿದ್ದಳು. ಅವನು ಮೈಕು ಸರಿಮಾಡುವ ನೆಪದಲ್ಲಿ ಬಗ್ಗಿದ. ಬೇಕಾದಷ್ಟು ಹೊತ್ತು ಬಗ್ಗಿಕೊಂಡೇ ಇರುವ ಹಾಗಿದ್ದರೆ ಇದ್ದುಬಿಡುತ್ತಿದ್ದ. ಯಾರ್ಯಾರೋ ಎದ್ದು ದೀಪ ಬೇಕು, ಚರಂಡಿ ಬೇಕು ಎಂದರು. ಅವನು ತಲೆ ವಾಲಿಸಿದ, ತಿರುಗಿ ಹೇಳಿದ, ಬರೆದ, ಅಂಟಿಸಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಆಮೇಲೆ ಅಕ್ಕ ಪಕ್ಕದವಳ ಹೆಗಲು ಹಿಡಿದು ಎದ್ದಳು.

"ನಮಸ್ಕಾರ ಸಾಹೇಬ್ರೇ," ಎಂದಳು. ತನ್ನ ತಮಾಷೆಗೆ ತಾನೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಹಜಾರವೂ ನಕ್ಕಿತು. ಆಮೇಲೆ ಅವಳ ಮುಖ ಗಂಭೀರವಾಯಿತು. "ನಾವು ಕೇಳೋದು ಒಂದೇ. ಬಯಲು ಈಗ ಹೇಗಿದೆಯೋ ಹಾಗೇ ಇರ್ಲಿ. ಕಟ್ಟಡ ಬೇಡ. ಒಣಗಿಸೋಕೆ ಬಿಸಿಲು ಬೇಕು, ಗಾಳಿ ಬೇಕು, ಹಗ್ಗ ಕಟ್ಟೋಕೆ ಜಾಗ ಬೇಕು. ಇದು ಹೋದ್ರೆ ಆಸ್ಪತ್ರೆಯೋರು ಬಟ್ಟೆ ಮೆಷಿನ್ನಿನೋರಿಗೆ ಕಳಿಸ್ತಾರೆ. ಕಳಿಸಿದ್ರೆ ನಮ್ಮ ಬೀದೀಲಿ ಒಲೆ ಉರಿಯಲ್ಲ. ಬೇರೆ ಕೆಲಸ ನಮಗೆ ಬರಲ್ಲ. ಅಷ್ಟೇ ನಾನು ಹೇಳೋದು."

ಇಷ್ಟು ನೇರವಾದ ಮಾತನ್ನು ಅವನು ತನ್ನ ಕೆಲಸದಲ್ಲಿ ಎಂದೂ ಕೇಳಿರಲಿಲ್ಲ. ಅದರಲ್ಲಿ ಬದಲಾಯಿಸಲು ಏನೂ ಇರಲಿಲ್ಲ. ಬರೆದರೆ ಹಾಗೇ ಬರೆಯಬೇಕು: ಬಯಲು ಹಾಗೇ ಇರಲಿ, ಕಟ್ಟಡ ಬೇಡ. ಚೀಟಿಯ ಮೇಲೆ ಪೆನ್ನು ಇಟ್ಟ. ಒಂದು ಕ್ಷಣ, ನಿಜವಾಗಿ ಹಾಗೇ ಬರೆದುಬಿಡುತ್ತೇನೆ ಎಂದು ಅವನಿಗೆ ಎದೆ ಹಗುರವಾಯಿತು. ಬರೆದದ್ದು ಕಡತಕ್ಕೆ ಹೋಗುತ್ತದೆ, ಕಡತ ಸಾಹೇಬರ ಮೇಜಿಗೆ ಹೋಗುತ್ತದೆ, ಹೋಗಲಿ, ಏನಾದರೂ ಆಗಲಿ. ಅಷ್ಟರಲ್ಲಿ ಅವನ ತಲೆ ತಾನಾಗಿ ಒಂದು ಕಡೆ ವಾಲಿತು. "ಅಂದ್ರೆ ನೀವು ಹೇಳ್ತಿರೋದು," ಎಂದು ಅವನ ಬಾಯಿ, ಅವನನ್ನು ಒಂದು ಮಾತೂ ಕೇಳದೆ, ಶುರುಮಾಡಿತು, "ಮುಂದೆ ಅಲ್ಲಿ ಏನೇ ಬಂದ್ರೂ, ಬಟ್ಟೆ ಒಣಗಿಸುವವರ ಅನುಕೂಲದ ಕಡೆಗೆ ಸೂಕ್ತ ಗಮನ ಕೊಡಬೇಕು ಅಂತ. ಅಲ್ವಾ?"

ಹಗ್ಗದ ಮೇಲಿನ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಅಂಗೈ ಹಿಂಭಾಗದಿಂದ ಮುಟ್ಟಿ ನೋಡುವಾಗ ಅಕ್ಕನ ಹಣೆಯಲ್ಲಿ ಒಂದು ಗೆರೆ ಏಳುತ್ತದೆ. ಆ ಗೆರೆ ಎದ್ದಿತು. ಎಲ್ಲೋ ತೇವ ಉಳಿದಿದೆ ಎಂದು ಅವಳಿಗೆ ಅನ್ನಿಸಿತು. ಅಲ್ಲ ಅನ್ನು, ಅಕ್ಕಾ, ಅಲ್ಲ ಅನ್ನು ಎಂದು ಅವನು ಒಳಗೇ ಬೇಡಿಕೊಂಡ. ಅವಳು ಅವನ ಮುಖ ನೋಡಿದಳು. ಗೆರೆ ಹೋಯಿತು.

"ಹೌದು. ಅದೇ ನಾನು ಹೇಳಿದ್ದು," ಎಂದು ಎಲ್ಲರ ಕಡೆ ತಿರುಗಿದಳು. "ನೋಡಿ, ನಾನು ಎಷ್ಟು ಉದ್ದ ಒದರಿದೆ. ಅವನು ಎಷ್ಟು ಚೆಂದ ಹೇಳಿದ. ಓದಿದೋರ ಮಾತೇ ಬೇರೆ."

"ನಮ್ಮದೂ ಅದೇ ಮಾತು," ಎಂದಳು ಪಕ್ಕದವಳು. "ಅಕ್ಕನ ತಮ್ಮ ಹೇಳಿದ್ದೇ ನಮ್ಮದೂ," ಎಂದಳು ಇನ್ನೊಬ್ಬಳು. ಮಾತು ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಹೋಯಿತು. ಇಡೀ ಬೀದಿ ಒಕ್ಕೊರಲಿನಿಂದ ತನ್ನ ಕುತ್ತಿಗೆ ಒಪ್ಪಿಸಿತು. ಅವನು ಬರೆದ; ಅಕ್ಷರಗಳು ದುಂಡಗೆ ಬಂದವು. ಹಸಿರಿಗೂ ಸಂಚಾರಕ್ಕೂ ಸುರಕ್ಷತೆಗೂ ಸೇರದ್ದರಿಂದ 'ಇತರೆ'ಯ ಕೆಳಗೆ ಅಂಟಿಸಿದ.

"ಒಂದು ನಿಮಿಷ ಸಾರ್." ಗೋಡೆಗೊರಗಿ ನಿಂತಿದ್ದ ಕ್ಷೌರದವನು ಕೈ ಎತ್ತಿದ. ಬಯಲಿನ ಮೂಲೆಯ ಮರದ ಕೆಳಗೆ ಕುರ್ಚಿ ಹಾಕಿಕೊಂಡವನು, ಬೀದಿಯ ಗಂಡಸರ ತಲೆಗಳೆಲ್ಲ ಅವನ ಕೈಯಲ್ಲೇ. "ಅಕ್ಕ ಹೇಳಿದ್ದು ಅದಲ್ಲ. ಅಕ್ಕ ಕಟ್ಟಡ ಬೇಡ ಅಂದ್ರು. ನೀವು ಏನೇ ಬಂದ್ರೂ ಅಂದ್ರಿ. ಬೇಡ ಅನ್ನೋದಕ್ಕೂ ಬಂದ್ರೂ ಅನ್ನೋದಕ್ಕೂ ತಲೆಗೂ ಬುಡಕ್ಕೂ ಇರೋಷ್ಟು ವ್ಯತ್ಯಾಸ ಇದೆ. ನಮ್ಮ ಮೂಗಿಗೆ ತುಪ್ಪ ಸವರಬೇಡಿ. ತೀರ್ಮಾನ ಆಗಿದೆಯೋ, ಇಲ್ವೋ? ಹೌದು, ಇಲ್ಲ, ಒಂದು ಮಾತು ಹೇಳಿ ಸಾಕು."

ಆ ಕ್ಷೌರದವನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದದ್ದು ಒಂದು ವಿಚಿತ್ರ ಪ್ರೀತಿ. ಓಡಿಹೋಗಿ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಎಷ್ಟು ವರ್ಷಗಳಿಂದ, ಎಷ್ಟು ಹಜಾರಗಳಲ್ಲಿ, ಯಾರಾದರೂ ಹೀಗೆ ಕೇಳಲಿ ಎಂದು ತಾನು ಕಾಯುತ್ತಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂಬ ಒಂದೇ ನೆಪದ ಮೇಲೆ ಅವನ ಮರ್ಯಾದೆಯೆಲ್ಲ ನಿಂತಿತ್ತು. ಈಗ ಒಬ್ಬ ಕೇಳಿದ್ದಾನೆ. ಹೌದು ಎಂದರೆ ಸಾಕು. ನಾಲಿಗೆ ಮೇಲಕ್ಕೆದ್ದಿತು; ಕೆಲಸ ಹೋಗಬಹುದು, ಹೋಗಲಿ; ಹೆಂಡತಿ ಏನಂದಾಳು, ಅವಳೇ ತಾನೆ ಹೇಳು ಅಂದದ್ದು. ಮೈಕನ್ನು ಬಾಯಿಯ ಹತ್ತಿರ ತಂದ.

"ಏನಯ್ಯಾ ನೀನು!" ಅಕ್ಕ ಎದ್ದುನಿಂತಿದ್ದಳು. ಈ ಸಲ ಯಾರ ಹೆಗಲೂ ಹಿಡಿಯದೆ ಎದ್ದಿದ್ದಳು. ಸಿಟ್ಟಿಗೆ ಅವಳ ಕತ್ತಿನ ನರ ಉಬ್ಬಿತ್ತು. "ನನ್ನ ತಮ್ಮನನ್ನ ಕಳ್ಳನನ್ನ ನಿಲ್ಲಿಸಿ ಕೇಳೋ ಹಾಗೆ ಕೇಳ್ತೀಯಾ? ಇವನನ್ನ ಎತ್ತಿ ಆಡಿಸಿದ ಕೈ ಇದು. ಊರಿಗೆಲ್ಲ ಸುಳ್ಳು ಹೇಳಿದ್ರೂ ಇವನು ನನ್ನ ಹತ್ರ ಹೇಳಲ್ಲ. ತೀರ್ಮಾನ ಆಗಿದ್ರೆ ಮೊದಲು ನನಗೆ ಹೇಳ್ತಿದ್ದ. ಮೊನ್ನೆ ತಾನೇ ಮನೆ ಹತ್ರ ಬಂದಿದ್ದ, ನನ್ನ ಜೊತೆ ಬಟ್ಟೆ ಹಿಂಡಿದ. ಆಗ ಹೇಳ್ತಿರಲಿಲ್ವಾ? ಕೂತ್ಕೋ ಸುಮ್ನೆ."

ಹೆಂಗಸರು ಗುಜುಗುಜು ಎಂದು ಅವಳ ಮಾತಿಗೆ ದನಿಗೂಡಿಸಿದರು. ಕ್ಷೌರದವನು ಅವಳನ್ನು ನೋಡಲಿಲ್ಲ, ಅವನನ್ನು ನೋಡಿದ. ದಿನವಿಡೀ ಕನ್ನಡಿಯಲ್ಲಿ ಬೇರೆಯವರ ಮುಖ ನೋಡುವ ಕಣ್ಣು ಅದು. ಬಹಳ ಹೊತ್ತು ನೋಡಿ, ಎಲ್ಲ ತಿಳಿದವನ ಹಾಗೆ ಕಣ್ಣು ತಗ್ಗಿಸಿ, "ತಪ್ಪಾಯ್ತಕ್ಕಾ," ಎಂದು ಮತ್ತೆ ಗೋಡೆಗೆ ಒರಗಿದ. ಎತ್ತಿದ ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು, ಏನಾದರೂ ಹೇಳಲೇಬೇಕಿತ್ತು.

"ಒಳ್ಳೆಯ ಪ್ರಶ್ನೆ," ಎಂದ ಅವನು. "ಅಂದ್ರೆ, ತೀರ್ಮಾನ ತಗೊಳ್ಳೋ ಪ್ರಕ್ರಿಯೆ ಬಗ್ಗೆ ಇನ್ನಷ್ಟು ಸ್ಪಷ್ಟತೆ ಬೇಕು. ಇದನ್ನೂ ಬರ್ಕೊಳ್ಳೋಣ." ಬರೆದು, ಅಕ್ಕನ ಚೀಟಿಯ ಕೆಳಗೇ ಅಂಟಿಸಿದ. ಗೋಡೆಯ ಹತ್ತಿರ ಕ್ಷೌರದವನು ಇರಲಿಲ್ಲ, ಯಾವಾಗಲೋ ಹೊರಟುಹೋಗಿದ್ದ.

ಸಭೆ ಮುಗಿದ ಮೇಲೆ ಚಹಾ, ಬಿಸ್ಕತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವನಿಗೆ ಕೈಮುಗಿದರು. ಒಬ್ಬಳು, ನಮ್ಮ ಕಾಲಕ್ಕೆ ನಮ್ಮ ಮಾತು ಕೇಳಿದೋರು ಅಂದ್ರೆ ನೀವೇ ಎಂದು ಕಣ್ಣೊರೆಸಿಕೊಂಡಳು. ಜೇಬಿನಲ್ಲಿ ಫೋನು ನಡುಗಿತು. ಹೇಗಾಯ್ತು ಎಂದು ಸಾಹೇಬರು ಕೇಳಿದ್ದರು. ಶಾಂತವಾಗಿ ಮುಗಿಯಿತು ಸಾರ್ ಎಂದು ಒಂದೇ ಕೈಯಲ್ಲಿ ಉತ್ತರ ಬರೆದ. ಇನ್ನೊಂದು ಕೈಯನ್ನು ಅಕ್ಕ ಹಿಡಿದುಕೊಂಡಿದ್ದಳು. ಅವಳದು ಕೆಲಸದಿಂದ ಒರಟಾದ, ಸೋಡಾಪುಡಿಗೆ ಬೆರಳ ತುದಿ ಸೀಳಿದ ಕೈ. ಚೀಟಿಗಳನ್ನು ಕಿತ್ತು ಚೀಲಕ್ಕೆ ತುಂಬುವಾಗಲೂ ಅವಳು ಪಕ್ಕದಲ್ಲೇ ನಿಂತು, ತನ್ನ ಚೀಟಿ ಯಾವುದು ಎಂದು ಕೇಳಿ, ಅದನ್ನು ಮಡಚದೆ ಇಡು ಎಂದಳು. ಬಾ, ಬಯಲಿನವರೆಗೂ ಬಂದು ಹೋಗು ಎಂದು ಕರೆದಳು. ಹೋಗಬಾರದಿತ್ತು. ಆದರೆ ದಾರಿಯಲ್ಲಾದರೂ ಹೇಳಿಬಿಡಬಹುದು, ಈಗ ಹೇಳಿದರೆ ಕನಿಷ್ಠಪಕ್ಷ ಹೇಳಿದ ಹಾಗಾದರೂ ಆಗುತ್ತದೆ ಎಂದು ಹೊರಟ.

ಬಿಸಿಲು ಇಳಿಮುಖವಾಗಿತ್ತು. ಸಂಜೆಯ ಬಂಡಿ ಬಂದು ಹೋಗಿ ಹಗ್ಗಗಳೆಲ್ಲ ಬರಿದಾಗಿದ್ದವು. ಬೀದಿಯ ಹೆಂಗಸರು ಮುಂದೆ ಮುಂದೆ ನಗುತ್ತ ನಡೆದಿದ್ದರು. ಅಕ್ಕ ಅವನ ಪಕ್ಕದಲ್ಲಿ, ಚಪ್ಪಲಿ ಎಳೆಯುತ್ತ, ಕ್ಷೌರದವನನ್ನು ಬೈಯುತ್ತ ಬರುತ್ತಿದ್ದಳು. ಬಾಯಿಗೆ ಬಂದ ಹಾಗೆ ಮಾತಾಡ್ತಾನೆ, ಮನಸ್ಸು ಕೆಟ್ಟದ್ದಲ್ಲ ಎಂದಳು. ಈಗ, ಎಂದುಕೊಂಡ ಅವನು.

"ಅಕ್ಕಾ."

"ಹೇಳು."

"ಈ ಬಯಲು ಇದೆಯಲ್ಲ..." ಆ ಚಿಕ್ಕ ವಾಕ್ಯಕ್ಕಾಗಿ ಒಳಗೆಲ್ಲ ತಡಕಾಡಿದ. ಬಾಲ್ಯದಿಂದ ಅವಳ ಜೊತೆ ಆಡಿದ ಭಾಷೆ ಎಲ್ಲಿ ಹೋಯಿತು? ಹಸಿವಾಗಿದೆ, ಬಿದ್ದೆ, ರಕ್ತ ಬಂತು, ಹೆದರಿಕೆ ಆಗ್ತಿದೆ ಎಂದು ಹೇಳುತ್ತಿದ್ದ ಬಾಯಿ ಇದೇ ಅಲ್ಲವೆ? "ಮುಂದಿನ ದಿನಗಳಲ್ಲಿ ಕೆಲವು ಬದಲಾವಣೆ ಆಗಬಹುದು. ಮಾನಸಿಕವಾಗಿ ಸ್ವಲ್ಪ ಸಿದ್ಧವಾಗಿರೋದು ಒಳ್ಳೇದು." ಇದೇ ಬಂದದ್ದು. ಇದಕ್ಕಿಂತ ಹೆಚ್ಚು ಅವನೊಳಗೆ ಇರಲಿಲ್ಲ. ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಸತ್ಯ, ತೆಗೆಯಹೋದರೆ ಅಲ್ಲಿಲ್ಲ. ಇಷ್ಟು ದಿನ ಅದರ ಮೇಲೆ ಸವರಿದ ಬೆಣ್ಣೆಯೇ ಉಳಿದಿದೆ. ತಾನು ಹೇಡಿ ಎಂದಾದರೂ ಇಷ್ಟು ದಿನ ತಿಳಿದಿದ್ದ. ಹೇಡಿಗೆ ಹೇಳಲು ಏನಾದರೂ ಇರುತ್ತದೆ.

"ಆಗ್ಲಿ ಬಿಡು," ಅಕ್ಕ ಅವನ ಬೆನ್ನು ಸವರಿದಳು. "ಬದಲಾವಣೆ ಆಗದೆ ಇರುತ್ತಾ ಯಾವುದಾದ್ರೂ? ನೀನಿದೀಯಲ್ಲ, ನೋಡ್ಕೊಳ್ತೀಯ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ, ಊಟ ಮಾಡಿದೀಯೋ ಇಲ್ವೋ?"

ಬಯಲಿನ ನಡುವೆ ಹೆಂಗಸರು ಆಗಲೇ ಗುಂಪುಗೂಡಿದ್ದರು. ಯಾರದೋ ಮನೆಯ ಹಿಂದಿನಿಂದ ಕಬ್ಬಿಣದ ಕಂಬಗಳನ್ನು ಹೆಗಲ ಮೇಲೆ ಹೊತ್ತು ತಂದು ದಡಾರೆಂದು ನೆಲಕ್ಕೆ ಹಾಕುತ್ತಿದ್ದರು. ಗುಜರಿಯಿಂದ ತಂದು, ತುಕ್ಕು ಕೆರೆದು, ಈಚೆಗಷ್ಟೇ ಬಣ್ಣ ಬಳಿದ ಕಂಬಗಳು. ಇದೇನು ಎಂದು ಕೇಳಿದ. "ಮರದ ಕಂಬಕ್ಕೆಲ್ಲ ಗೆದ್ದಲು ಹಿಡಿದಿದೆ ಕಣೋ," ಎಂದಳು ಅಕ್ಕ. "ಎಲ್ಲರೂ ಸೇರಿ ಇವನ್ನ ತಂದಿಟ್ಟು ಎಷ್ಟೋ ದಿನ ಆಯ್ತು. ಜಾಗದ ಕಥೆ ಏನೋ ಎತ್ತೋ ಅಂತ ನೆಡೋಕೆ ಧೈರ್ಯ ಬರ್ಲಿಲ್ಲ. ನಿನ್ನ ಸಭೆ ಒಂದು ಆಗ್ಲಿ ಅಂತ ಕಾಯ್ತಾ ಇದ್ವಿ." ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇನ್ನೇನು ಭಯ? ಸೂಕ್ತ ಗಮನ ಕೊಡ್ತಾರೆ ಅಂತ ಬರೆದಾಯ್ತಲ್ಲ." ಒಬ್ಬಳು ಗುದ್ದಲಿ ಎತ್ತಿ ನೆಲಕ್ಕೆ ಹಾಕಿದಳು. ಇನ್ನೊಬ್ಬಳು ಮಣ್ಣು ಬಾಚಿದಳು.

"ಇವತ್ತೇ ಬೇಡ ಅಕ್ಕಾ," ಎಂದ. ದನಿ ಜೋರಾಗಿಯೇ ಬಂತು.

ಗುದ್ದಲಿ ನಿಂತಿತು. ಎಲ್ಲರೂ ಅವನತ್ತ ತಿರುಗಿದರು. ಅಕ್ಕನ ಹಣೆಯ ಗೆರೆ ಮತ್ತೆ ಎದ್ದಿತು. "ಯಾಕೋ?" ಎಂದಳು. ನಿಜವಾಗಿ ಕೇಳಿದಳು. ಅವಳ ಕಣ್ಣಲ್ಲಿ ಮೊದಲ ಬಾರಿಗೆ ಒಂದಿಷ್ಟು ಹೆದರಿಕೆ ಕಂಡಿತು. ಅವನು ಏನು ಹೇಳಿದರೂ ಆಗ ಅವಳು ನಂಬುತ್ತಿದ್ದಳು.

"ನೆಲ ತುಂಬಾ ಗಟ್ಟಿಯಾಗಿದೆ," ಎಂದ.

ಹೆಂಗಸರು ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು, ಎಲ್ಲರಿಗಿಂತ ಜೋರಾಗಿ, ಹೆದರಿಕೆ ಇಳಿದವರು ನಗುವ ಹಾಗೆ. "ಗಟ್ಟಿ ಇದ್ರೆ ಒಳ್ಳೇದಲ್ವೇನೋ ಪೆದ್ದ? ಕಂಬ ಅಲ್ಲಾಡಲ್ಲ. ಬಾ, ನೀನೇ ಹಿಡ್ಕೋ ಮೊದಲನೇದು. ನಿನ್ನ ಕೈಯಿಂದಲೇ ಆಗ್ಲಿ."

ಅವನು ಚೀಲವನ್ನು ನೆಲದ ಮೇಲಿಟ್ಟು ಹೋದ. ಕಂಬ ತಣ್ಣಗಿತ್ತು, ಬಣ್ಣ ಪೂರ್ತಿ ಆರಿರಲಿಲ್ಲವೋ ಏನೋ, ಅಂಗೈಗೆ ಅಂಟಿತು. ಎರಡೂ ಕೈಯಿಂದ ಎದೆಗಾನಿಸಿ ಹಿಡಿದುಕೊಂಡ. ಅಕ್ಕ ಮಣ್ಣು ಸುರಿದು, ಕಲ್ಲು ತುರುಕಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸುತ್ತ ತುಳಿದಳು. ಆಮೇಲೆ ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ನೆಟ್ಟಗಿದೆಯಾ ನೋಡು."

"ಸ್ವಲ್ಪ ಈ ಕಡೆ ವಾಲಿದೆ," ಎಂದ.

ಅವಳು ಇನ್ನೊಂದು ಬೊಗಸೆ ಮಣ್ಣು ಹಾಕಿ ತುಳಿದಳು. "ಈಗ?"

"ಈಗ ಸರಿಯಾಗಿದೆ ಅಕ್ಕಾ."

"ಬಿಡು ಹಾಗಾದ್ರೆ," ಎಂದಳು. ಅವನು ಕೈ ಬಿಟ್ಟ. ಕಂಬ ನಿಂತಿತು. ಅತ್ತ ಎರಡನೇ ಗುಂಡಿ ಆಗಲೇ ಮೊಣಕಾಲುದ್ದ ಇಳಿದಿತ್ತು. ಹೆಂಗಸರು ಕಂಬ ಎತ್ತಿ ಹಿಡಿದು, "ಸಾಹೇಬ್ರೇ, ಇದಕ್ಕೂ ಬನ್ನಿ," ಎಂದು ಕೂಗುತ್ತಿದ್ದರು. ಅವನು ಹೋಗಿ ಹಿಡಿದುಕೊಂಡ.